ಕಣ್ಣು ತೆರೆಯಲಾಗದ ರೋಗಿ, ಕಣ್ಣು ಮುಚ್ಚದ ನರ್ಸ್

ಮಳೆಗಾಲದ ಒಂದು ರಾತ್ರಿ. ಔರಾದ್ ತಾಲ್ಲೂಕಿನ ಯಾವುದೋ ಒಂದು ಹಳ್ಳಿ ಎಂದು ಭಾವಿಸಿ. ಸೋಯಾ, ಉದ್ದಿನ ಹೊಲದಲ್ಲಿ ದಿನವಿಡೀ ದುಡಿದು ದಣಿದವರು ನೆಲದ ಮೇಲೆ ಹಾಸಿಕೊಂಡು ಮಲಗಿದ್ದಾರೆ. ನಸುಕಿನಲ್ಲಿ ಮನೆಯ ಯಜಮಾನ ಹೊಟ್ಟೆನೋವೆಂದು ಎದ್ದು ಕೂಡುತ್ತಾನೆ. ರಾತ್ರಿ ಉಂಡದ್ದು ಸರಿಹೋಗಿಲ್ಲವೆಂದು ಮನೆಯವರು ಅಜವಾನ ಅಗಿಯಲು ಕೊಡುತ್ತಾರೆ. ತಾಸು ಕಳೆಯುವುದರೊಳಗೆ ಅವನ ರೆಪ್ಪೆಗಳು ಜೋತು ಬೀಳುತ್ತವೆ. ಮಾತು ತೊದಲುತ್ತದೆ. ಉಗುಳು ನುಂಗಲೂ ಆಗುವುದಿಲ್ಲ. ಮೈಮೇಲೆ ನೋಡಿದರೆ ಎಲ್ಲಿಯೂ ಬಾವಿಲ್ಲ, ರಕ್ತವಿಲ್ಲ.

ಇದು ಕಟ್ಟುಹಾವಿನ ಕಡಿತ. ವೈದ್ಯರು ಕ್ರೈಟ್ ಎನ್ನುತ್ತಾರೆ. ಈ ಭಾಗದ ಮರಾಠಿ ಮಾತಿನವರು ಮಣ್ಯಾರ್ ಎನ್ನುತ್ತಾರೆ. ರಾತ್ರಿ ಓಡಾಡುವ ಈ ಹಾವು ನೆಲದಲ್ಲಿ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಹಲ್ಲಿನ ಗುರುತು ಸೊಳ್ಳೆ ಕಚ್ಚಿದಷ್ಟೂ ಕಾಣದೆ ಇರಬಹುದು. ವಿಷ ಏರುವುದು ನರಕ್ಕೆ. ನರದಿಂದ ಸ್ನಾಯುವಿಗೆ ಹೋಗಬೇಕಾದ ಸಂದೇಶ ನಿಲ್ಲುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಟದ ಸ್ನಾಯು.

ಔರಾದ್ ಆಗಲಿ, ಭಾಲ್ಕಿ ಆಗಲಿ, ಬೀದರ್ ನಗರದಿಂದ ಹೆಚ್ಚುಕಡಿಮೆ 40 ಕಿ.ಮೀ. ದೂರ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಕೊಡುತ್ತಾರೆ. ಅಲ್ಲಿಂದ ಬೀದರ್‌ಗೆ ಹೊರಟ ಆಂಬುಲೆನ್ಸ್‌ನಲ್ಲಿ ರೋಗಿಯ ಉಸಿರು ಕ್ಷೀಣಿಸಿದರೆ, ಮೂಗು ಬಾಯಿಗೆ ಮಾಸ್ಕ್ ಹಿಡಿದು, ರಬ್ಬರಿನ ಚೀಲವೊಂದನ್ನು ಒತ್ತಿ ಒತ್ತಿ ಬಿಡುತ್ತ ಗಾಳಿ ತುಂಬುವವರು ಬೇಕು. ಆ ಒಂದು ತಾಸು ರೋಗಿಯ ಶ್ವಾಸಕೋಶ ಕೆಲಸ ಮಾಡುವುದು ಇನ್ನೊಬ್ಬರ ಕೈಯಿಂದ.

ನರ್ಸಿಂಗ್ ಓದಬೇಕೆಂದಿರುವ ವಿದ್ಯಾರ್ಥಿಗಳೂ, ‘ಇಂಜೆಕ್ಷನ್ ಕೊಡುವ ಕೆಲಸ, ಅಷ್ಟೇ ತಾನೆ?’ ಎನ್ನುವ ಪಾಲಕರೂ ಈ ರೋಗಿಯ ಮುಂದಿನ ದಿನಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಚೀಲ ಒತ್ತಿದ ವಿದ್ಯಾರ್ಥಿಗಳು

ಹೀಗೆ ಕೈಯಿಂದ ಉಸಿರು ತುಂಬುವುದರಿಂದಲೇ ಇಂದಿನ ತೀವ್ರ ನಿಗಾ ಘಟಕ, ಅಂದರೆ ಐ.ಸಿ.ಯು. ಹುಟ್ಟಿತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯು ಸೋತು ಮಕ್ಕಳು ಸಾಯತೊಡಗಿದರು. ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಆ ವರ್ಷದ ಆಗಸ್ಟ್‌ನಲ್ಲಿ 12 ವರ್ಷದ ಬಾಲಕಿಯೊಬ್ಬಳ ಗಂಟಲಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಇಟ್ಟು, ಚೀಲ ಒತ್ತಿ ಗಾಳಿ ತುಂಬಿದರು. ಬಾಲಕಿ ಉಳಿದಳು.

ಆದರೆ ನೂರಾರು ರೋಗಿಗಳಿಗೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಸುಮಾರು 1500 ವಿದ್ಯಾರ್ಥಿಗಳು ಬಂದರು. ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ವಾರಗಟ್ಟಲೆ ಒತ್ತಿದರು. ಅಂಥ ರೋಗಿಗಳಲ್ಲಿ ನೂರಕ್ಕೆ 80ನ್ನು ಮೀರಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ, 1953ರಲ್ಲಿ, ಇಬ್ಸೆನ್ ಅದೇ ನಗರದಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆದರು. ಜಗತ್ತಿನ ಮೊದಲ ಐ.ಸಿ.ಯು.ಗಳಲ್ಲಿ ಅದನ್ನು ಎಣಿಸುತ್ತಾರೆ.

ಚೀಲದ ಜಾಗಕ್ಕೆ ಆಮೇಲೆ ವೆಂಟಿಲೇಟರ್ ಬಂತು. ಹಾಸಿಗೆಯ ಪಕ್ಕದಿಂದ ಕದಲದ ಮನುಷ್ಯನ ಜಾಗಕ್ಕೆ ಮಾತ್ರ ಯಾವ ಯಂತ್ರವೂ ಬಂದಿಲ್ಲ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಪ್ರತಿ ಪಾಳಿಯಲ್ಲಿ ಒಬ್ಬ ನರ್ಸ್ ಇರಬೇಕು ಎಂಬ ನಿಯಮ ಬಂದಿರುವುದು ಇದಕ್ಕಾಗಿಯೇ. ಬೀದರ್‌ನಲ್ಲಿ 2007ರಲ್ಲಿ ಬ್ರಿಮ್ಸ್, ಅಂದರೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಯಂತ್ರ ತಂದಿಟ್ಟರೆ ಸಾಲದು, ಅದನ್ನು ಬಲ್ಲ ಕೈಗಳೂ ಬೇಕು ಎಂಬ ಪಾಠವನ್ನು 2020 ಮತ್ತು 2021ರ ಕೋವಿಡ್ ದೇಶಕ್ಕೆಲ್ಲ ಕಲಿಸಿ ಹೋಯಿತು.

ಸತ್ತಂತೆ ಕಾಣುವ, ಎಲ್ಲ ಕೇಳುವ ರೋಗಿ

ನಮ್ಮ ರೈತ ಈಗ ಐ.ಸಿ.ಯು.ನಲ್ಲಿದ್ದಾನೆ. ಬಾಯಿಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ ವೆಂಟಿಲೇಟರ್‌ಗೆ ಜೋಡಿಸಿದ್ದಾರೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ, ಪ್ರತಿವಿಷ ಕೊಟ್ಟ ಮಾತ್ರಕ್ಕೆ ಶಕ್ತಿ ಕೂಡಲೇ ಮರಳುವುದಿಲ್ಲ. ನರದ ತುದಿ ತಾನಾಗಿ ಚಿಗುರಬೇಕು. ಅದಕ್ಕೆ ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅಲ್ಲಿಯವರೆಗೆ ಅವನನ್ನು ಕಾಪಾಡಿ ಇಡುವುದೇ ಚಿಕಿತ್ಸೆಯ ಬಹುಪಾಲು.

ಇಲ್ಲೊಂದು ಸೂಕ್ಷ್ಮವಿದೆ. ತಲೆಗೆ ಪೆಟ್ಟು ಬಿದ್ದವರ ಪ್ರಜ್ಞೆ ಅಳೆಯಲು 1974ರಲ್ಲಿ ಗ್ಲಾಸ್ಗೊ ನಗರದ ಇಬ್ಬರು ವೈದ್ಯರು ರೂಪಿಸಿದ ಒಂದು ಮಾನಕ ಈಗ ಎಲ್ಲೆಡೆ ಬಳಕೆಯಲ್ಲಿದೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರಕ್ಕೆ ಅಂಕ ಕೊಡುತ್ತಾರೆ. ಪೂರ್ಣ ಎಚ್ಚರವಿದ್ದವರಿಗೆ 15, ಏನೂ ಪ್ರತಿಕ್ರಿಯೆ ಇಲ್ಲದವರಿಗೆ 3. ಈ ರೈತ ಕಣ್ಣು ತೆರೆಯುವುದಿಲ್ಲ, ಮಾತಾಡುವುದಿಲ್ಲ, ಚಿವುಟಿದರೂ ಕೈ ಎಳೆದುಕೊಳ್ಳುವುದಿಲ್ಲ. ಕಣ್ಣಿನ ಪಾಪೆ ಕೂಡ ಹಿಗ್ಗಿ ನಿಂತಿರಬಹುದು. ಲೆಕ್ಕ ಹಾಕಿದರೆ ಬರುವುದು 3. ಅಂದರೆ ಕಾಗದದ ಮೇಲೆ ಅವನು ಮುಗಿದ ರೋಗಿ.

ನಿಜ ಹಾಗಿಲ್ಲ. ಅವನ ಮೆದುಳು ಎಚ್ಚರವಾಗಿದೆ. ಸುತ್ತಲಿನ ಮಾತು ಕೇಳುತ್ತದೆ. ಚಿವುಟಿದ್ದು ನೋಯುತ್ತದೆ. ಬಾಗಿಲ ಬಳಿ ಸಂಬಂಧಿಕರು ‘ಇನ್ನೇನು ಉಳಿದಿಲ್ಲ, ಊರಿಗೆ ಒಯ್ಯೋಣ’ ಎಂದು ಅತ್ತರೆ ಅದೂ ಅವನಿಗೆ ಕೇಳಬಹುದು.

ಬಲ್ಲ ನರ್ಸ್ ಇಲ್ಲಿ ಮೂರು ಕೆಲಸ ಮಾಡುತ್ತಾಳೆ. ಮೊದಲನೆಯದು, ಸಂಬಂಧಿಕರಿಗೆ ಸತ್ಯ ಹೇಳಿಸುವುದು. ಕಾಯಿಲೆಯ ಸ್ಥಿತಿಗತಿ ವಿವರಿಸಬೇಕಾದವರು ವೈದ್ಯರು. ಆದರೆ ಹಳ್ಳಿಯಿಂದ ಬಂದವರು ಮತ್ತೆ ಮತ್ತೆ ಕೇಳುವುದು ನರ್ಸ್‌ಳನ್ನೇ. ಈ ಹೊತ್ತಿನಲ್ಲಿ ಆಸೆ ಬಿಟ್ಟು ರೋಗಿಯನ್ನು ಊರಿಗೆ ಒಯ್ದರೆ, ಗುಣವಾಗಬಹುದಾದ ಜೀವ ದಾರಿಯಲ್ಲೇ ಹೋಗುತ್ತದೆ. ಎರಡನೆಯದು, ಮುಟ್ಟುವ ಮೊದಲು ಹೇಳುವುದು: ‘ಕಾಕಾ, ಮಗ್ಗಲ ಹೊಳ್ಳಸ್ತೀವ್ರಿ, ಅಂಜಬ್ಯಾಡ್ರಿ. ಇವತ್ತ ಸೋಮವಾರ, ಮುಂಜಾನಿ ಆಗ್ಯಾದ.’ ಉತ್ತರ ಬರುವುದಿಲ್ಲ. ಆದರೂ ಹೇಳಬೇಕು. ಕೆಲವರಲ್ಲಿ ಕೈಯ ಅಥವಾ ಕಾಲಿನ ಒಂದು ಬೆರಳು ತುಸು ಅಲುಗುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ಗುರುತಿಸಿ, ಒಮ್ಮೆ ಅಲುಗಿಸಿದರೆ ಹೌದು, ಎರಡು ಸಲಕ್ಕೆ ಇಲ್ಲ ಎಂದು ಮಾತುಕತೆಯನ್ನೇ ಕಟ್ಟಬಹುದು. ಮೂರನೆಯದು ಕಣ್ಣು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಮುಲಾಮು ಹಚ್ಚಿ ರೆಪ್ಪೆ ಮುಚ್ಚಿಡುವುದನ್ನು ಮರೆತರೆ, ಜೀವ ಉಳಿದೂ ದೃಷ್ಟಿ ಮಂಜಾದೀತು.

ಒಂದು ಪಾಳಿಯ ಲೆಕ್ಕ

ಐ.ಸಿ.ಯು. ನರ್ಸ್‌ಳ ಕೆಲಸದಲ್ಲಿ ಕಣ್ಣಿಗೆ ಕಾಣುವ ಸಾಹಸ ಕಡಿಮೆ. ತಪ್ಪದೆ ಮಾಡುವ ಸಣ್ಣ ಕೆಲಸಗಳು ಹೆಚ್ಚು. ಅವುಗಳ ಹಿಂದಿನ ಕಾರಣ ತಿಳಿದಾಗಲೇ ಅವು ಸಣ್ಣವಲ್ಲ ಎಂದು ಗೊತ್ತಾಗುವುದು.

ರೋಗಿಯ ತಲೆಯ ಕಡೆ ಹಾಸಿಗೆ 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕು. ಅಂಗಾತ ಮಲಗಿಸಿದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾವಿನ ವಿಷದಿಂದ ಪಾರಾದವನು ಈ ನ್ಯುಮೋನಿಯಾಕ್ಕೆ ಬಲಿಯಾಗಬಾರದು. ಬಾಯಿ ಸ್ವಚ್ಛ ಮಾಡುವುದೂ ಇದಕ್ಕಾಗಿಯೇ.

ಕೊಳವೆಯ ಒಳಗೆ ಕಫ ಕಟ್ಟಿದರೆ ಹೀರಿ ತೆಗೆಯಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡ್ ಮೀರಬಾರದು. ಕಫದೊಂದಿಗೆ ಆಮ್ಲಜನಕವೂ ಹೊರಹೋಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೇ ಕಡೆ ಒತ್ತಡ ಬಿದ್ದರೆ ರಕ್ತ ಹರಿಯದೆ ಸೊಂಟದ ಹಿಂದೆ ಹುಣ್ಣಾಗಿ, ಎಲುಬಿನವರೆಗೂ ಇಳಿಯುತ್ತದೆ.

ಮೂತ್ರವನ್ನು ಪ್ರತಿ ಗಂಟೆ ಅಳೆಯಬೇಕು. ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಕನಿಷ್ಠ ಅರ್ಧ ಮಿಲಿಲೀಟರ್ ಎಂಬುದು ಲೆಕ್ಕ. 60 ಕಿಲೋ ತೂಕದವನಿಗೆ ಗಂಟೆಗೆ 30 ಮಿಲಿಲೀಟರ್. ಗಂಟೆಗಂಟೆಗೆ ಅದು ಇಳಿಯುತ್ತಿದ್ದರೆ ಮೂತ್ರಪಿಂಡಕ್ಕೆ ಏನೋ ಆಗುತ್ತಿದೆ ಎಂದರ್ಥ. ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುವುದಕ್ಕಿಂತ ಮೊದಲೇ ನರ್ಸ್‌ಳ ಪಟ್ಟಿಯಲ್ಲಿ ಕಾಣುತ್ತದೆ. ಕೊಳಕುಮಂಡಲ ಹಾವು ಕಚ್ಚಿದವರಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ.

ಈ ಹಾವಿನ ವಿಷಕ್ಕೆ ಯಾವ ದೊಡ್ಡ ಯಂತ್ರವೂ ಬೇಡದ ಒಂದು ಪರೀಕ್ಷೆಯಿದೆ. ಎರಡು ಮಿಲಿಲೀಟರ್ ರಕ್ತವನ್ನು ಹೊಸ, ಒಣ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷವೇರಿದೆ. ಕೊಳವೆ ಪ್ಲಾಸ್ಟಿಕ್‌ನದಾದರೆ ಅಥವಾ ಸೋಪಿನಲ್ಲಿ ತೊಳೆದದ್ದಾದರೆ ಫಲಿತಾಂಶ ಸುಳ್ಳಾಗುತ್ತದೆ. ಭಾಲ್ಕಿ, ಔರಾದ್‌ಗಳಂಥ ಊರಿನ ಆಸ್ಪತ್ರೆಯಲ್ಲೂ ಮಾಡಬಹುದಾದ ಈ ಪರೀಕ್ಷೆ ನಿಂತಿರುವುದು ಕೊಳವೆ ಆಯ್ದ ಕೈಯ ಶಿಸ್ತಿನ ಮೇಲೆ.

ದಿಂಬಿನಿಂದ ತಲೆ ಎತ್ತಿಸುವುದು

ಬೇಸಾಯದ ಜಿಲ್ಲೆಗಳ ಐ.ಸಿ.ಯು.ಗಳಲ್ಲಿ ಕಾಣುವ ಇನ್ನೊಂದು ಕಠಿಣ ಪ್ರಸಂಗ ಕೀಟನಾಶಕದ ವಿಷ. ಸಿಂಪಡಿಸುವಾಗ ಮೈಗೆ ಹತ್ತಿದ್ದಿರಬಹುದು, ನೊಂದ ಮನಸ್ಸಿನಿಂದ ಆದದ್ದಿರಬಹುದು. ನರ್ಸ್ ಮೊದಲು ಕೈಗವಸು ಹಾಕಿಕೊಂಡು ಬಟ್ಟೆ ತೆಗೆಸಿ ಮೈ ತೊಳೆಯಬೇಕು. ಚರ್ಮದಿಂದಲೂ ವಿಷ ಒಳಗಿಳಿಯುತ್ತಲೇ ಇರುತ್ತದೆ. ಆಮೇಲೆ ವೈದ್ಯರು ಅಟ್ರೋಪಿನ್ ಆರಂಭಿಸುತ್ತಾರೆ. ಇದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಎದೆಯಲ್ಲಿ ಗೊರಗೊರ ಸದ್ದು ನಿಲ್ಲುವವರೆಗೆ ಬೇಕು. ಹೆಚ್ಚಾದರೆ ಜ್ವರ ಏರಿ, ರೋಗಿ ಬಡಬಡಿಸುತ್ತ ಹಾಸಿಗೆ ಕಿತ್ತಾಡುತ್ತಾನೆ. ಕಡಿಮೆಯೂ ಆಗದಂತೆ, ಹೆಚ್ಚೂ ಆಗದಂತೆ ಈ ತಕ್ಕಡಿಯನ್ನು ರಾತ್ರಿಯಿಡೀ ನೋಡುವವಳು ನರ್ಸ್.

ಎರಡನೆಯ ದಿನಕ್ಕೆ ರೋಗಿ ಚೇತರಿಸಿಕೊಂಡು ಮಾತಾಡತೊಡಗುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನುರಿತ ನರ್ಸ್ ಆಗ ಇನ್ನಷ್ಟು ಎಚ್ಚರವಾಗುತ್ತಾಳೆ. ಒಂದರಿಂದ ನಾಲ್ಕು ದಿನಗಳ ನಡುವೆ ಕೆಲವರಲ್ಲಿ ಸ್ನಾಯುಗಳು ಮತ್ತೆ ಸೋತು ಉಸಿರು ನಿಲ್ಲಬಹುದು. ಅದರ ಮೊದಲ ಸುಳಿವು ಕುತ್ತಿಗೆಯಲ್ಲಿ. ಆದ್ದರಿಂದ ಆಕೆ ಪ್ರತಿ ಪಾಳಿಯಲ್ಲಿ ಬಂದು ಕೇಳುತ್ತಾಳೆ: ‘ದಿಂಬಿನಿಂದ ತಲೆ ಎತ್ತಿ ನೋಡೋಣ.’ ಬೆಳಿಗ್ಗೆ ಎತ್ತಿದವನು ಸಂಜೆ ಎತ್ತಲಾರದೆ ಹೋದರೆ ವೈದ್ಯರನ್ನು ಆ ಕ್ಷಣವೇ ಕರೆಯಬೇಕು. ಪರದೆಯ ಮೇಲಿನ ಅಂಕಿಗಳು ಆಗಲೂ ಸರಿಯಾಗಿಯೇ ಇರಬಹುದು!

ನೊಂದು ಬಂದವರ ವಿಷಯದಲ್ಲಿ ಇನ್ನೊಂದು ಹೊಣೆಯಿದೆ. ‘ಯಾಕೆ ಹೀಗೆ ಮಾಡಿಕೊಂಡಿ?’ ಎಂಬ ಗದರಿಕೆ ಹಾಸಿಗೆಯ ಬಳಿ ಸಲ್ಲದು. ಅವರು ಕಣ್ಣು ಬಿಟ್ಟಾಗ ಮೊದಲು ಕಾಣುವ ಮುಖ ನರ್ಸ್‌ಳದು. ಅವರನ್ನು ಮನೋವೈದ್ಯರ ಬಳಿಗೆ ತಲುಪಿಸುವವರೆಗೆ ಆರೈಕೆ ಮುಗಿಯಿತೆಂದು ಹೇಳುವಂತಿಲ್ಲ.

ನಾಲ್ಕು ಭಾಷೆಯ ಉಸಿರು

ಬೀದರ್ ಜಿಲ್ಲೆಯ ಮಕ್ಕಳಿಗೆ ಈ ವೃತ್ತಿಯಲ್ಲಿ ಪುಸ್ತಕದಿಂದ ಸಿಗದ ಒಂದು ಬಂಡವಾಳವಿದೆ. ಅದು ಭಾಷೆ. ಔರಾದ್, ಭಾಲ್ಕಿ ಕಡೆ ಕನ್ನಡದ ಜೊತೆ ಮರಾಠಿ, ಬೀದರ್ ಪೇಟೆಯಲ್ಲಿ ದಖನಿ ಉರ್ದು, ತೆಲಂಗಾಣದ ಗಡಿಯಲ್ಲಿ ತೆಲುಗು. ಉಸಿರು ಸಾಲದ ರೋಗಿ ಕನ್ನಡದಲ್ಲಿ ‘ದಮ್ಮು ಹತ್ಯಾದ’ ಅನ್ನುತ್ತಾನೆ, ಮರಾಠಿಯಲ್ಲಿ ‘ದಮ್ ಲಾಗ್ತೊ’ ಅನ್ನುತ್ತಾನೆ. ತೆಲುಗಿನವನು ‘ಆಯಾಸಂ’ ಅನ್ನುತ್ತಾನೆ. ಕನ್ನಡ ಮಾತ್ರ ಬಲ್ಲವರು ಅದನ್ನು ಬರೀ ದಣಿವೆಂದು ಬರೆದುಕೊಂಡು ಸುಮ್ಮನಾದರೆ? ಅವನು ಹೇಳಿದ್ದು ಏದುಸಿರು. ಮನೆಯ ಅಂಗಳದಲ್ಲೇ ಮೂರು ನಾಲ್ಕು ಭಾಷೆ ಕಲಿತ ಮಕ್ಕಳು ಇಂಥ ತಪ್ಪು ಮಾಡುವುದು ಕಡಿಮೆ. ಇಂಗ್ಲಿಷ್ ಬರುವುದಿಲ್ಲವೆಂದು ಅಳುಕುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಇಂಗ್ಲಿಷ್ ಬೇಕು, ಪಠ್ಯವೆಲ್ಲ ಅದರಲ್ಲೇ ಇದೆ. ಎರಡು ವರ್ಷ ಕಷ್ಟಪಟ್ಟರೆ ಅದು ಬರುತ್ತದೆ.

ಓದಿನ ದಾರಿ

ದ್ವಿತೀಯ ಪಿ.ಯು.ಸಿ. ನಂತರ ಎರಡು ಮುಖ್ಯ ದಾರಿಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಸಾಮಾನ್ಯ ವರ್ಗದವರಿಗೆ ಈ ವಿಷಯಗಳಲ್ಲಿ ಒಟ್ಟು ಶೇ 45 ಅಂಕ ಬೇಕು. ವಯಸ್ಸು 17 ತುಂಬಿರಬೇಕು. ಯಾವುದೇ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದವರಿಗೆ ಜಿ.ಎನ್.ಎಂ. ಡಿಪ್ಲೊಮಾ ಇದೆ, ಅವಧಿ ಮೂರು ವರ್ಷ. ಜಿ.ಎನ್.ಎಂ. ಆದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು. ಹುಡುಗರಿಗೂ ಈ ಬಾಗಿಲು ತೆರೆದಿದೆ. 90 ಕಿಲೋ ತೂಕದ ರೋಗಿಯ ಮಗ್ಗುಲು ಬದಲಿಸುವಾಗ ‘ಬ್ರದರ್’ ಎಲ್ಲಿ ಎಂದು ಎಲ್ಲರೂ ಹುಡುಕುತ್ತಾರೆ.

ತೀವ್ರ ನಿಗಾ ಶುಶ್ರೂಷೆಯಲ್ಲೇ ಪರಿಣತಿ ಬೇಕೆಂದರೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಅದಕ್ಕಿಂತ ಮೇಲಿನದು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ. ಬಿ.ಎಸ್ಸಿ. ನಂತರ ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಅದಕ್ಕೆ ಅರ್ಹರು. ಓದಿನ ಬಹುಪಾಲು ನಡೆಯುವುದು ತರಗತಿಯಲ್ಲಲ್ಲ, ಐ.ಸಿ.ಯು.ನ ಒಳಗೇ.

ಸಂವಿಧಾನದ 371(ಜೆ) ವಿಧಿಯ ಪ್ರಯೋಜನವನ್ನು ಈ ಭಾಗದವರು ಮರೆಯಬಾರದು. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಮೀಸಲಾತಿಯಿದೆ. ಅರ್ಹತಾ ಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಪಾಲಕರು ಕೇಳಬೇಕಾದ್ದು

ಪ್ರವೇಶಕ್ಕೆ ಹೋದಾಗ ಕಾಲೇಜಿನ ಕಟ್ಟಡ ನೋಡಿ ಮರುಳಾಗಬಾರದು. ಕೇಳಬೇಕಾದ ಪ್ರಶ್ನೆಗಳೇ ಬೇರೆ. ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ? ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಮಕ್ಕಳನ್ನು ತರಬೇತಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಹಾಸಿಗೆ ಎಷ್ಟು, ಐ.ಸಿ.ಯು.ನಲ್ಲಿ ಎಷ್ಟು ವಾರ ನಿಲ್ಲಿಸುತ್ತಾರೆ? ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಮನೆಯಲ್ಲೇ ಓದಲಿ’ ಎನ್ನುವ ಕಾಲೇಜಿನಿಂದ ಆ ಗಳಿಗೆಯಲ್ಲೇ ಎದ್ದು ಬರಬೇಕು. ರೋಗಿಯ ಮುಖ ನೋಡದೆ ನರ್ಸ್ ಆದವರ ಕೈಗೆ ನಾಳೆ ಯಾರ ಮನೆಯವರೋ ಬರುತ್ತಾರೆ.

ರಾತ್ರಿ ಪಾಳಿಯ ಚಿಂತೆ ಸಹಜ. ಮಗಳಿಗೆ ಹೋಗಿ ಬರುವ ವಾಹನ, ತಂಗುವ ಕೋಣೆ, ಕಾವಲು ಇದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ. ಸಂಬಳದ ವಿಷಯದಲ್ಲೂ ಕಣ್ಣು ಮುಚ್ಚಿಕೊಳ್ಳಬಾರದು. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ದುಃಸ್ಥಿತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರಲ್ಲಿ ಕೇಂದ್ರದ ಸಮಿತಿಯೊಂದು 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಎಲ್ಲ ಕಡೆ ಅದು ಜಾರಿಯಾಗಿಲ್ಲ. ಆರಂಭದ ವರ್ಷಗಳು ಬಿಗಿಯಾಗಿಯೇ ಇರುತ್ತವೆ. ಐ.ಸಿ.ಯು. ಅನುಭವ ಇದ್ದವರಿಗೆ ಮಾತ್ರ ಸರ್ಕಾರಿ ನೇಮಕಾತಿ, ದೊಡ್ಡ ನಗರ, ಹೊರದೇಶ ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ.

ಇಷ್ಟೆಲ್ಲ ಕಲಿತವರು ಬೆಂಗಳೂರಿಗೋ ಹೈದರಾಬಾದಿಗೋ ಹೊರಟುಹೋದರೆ ಅದು ಅವರ ತಪ್ಪಲ್ಲ. ಆದರೆ ಒಂದಷ್ಟು ಜನ ಬೀದರ್‌ನಲ್ಲಿ, ಭಾಲ್ಕಿಯಲ್ಲಿ, ಔರಾದ್‌ನಲ್ಲಿ ಉಳಿಯಬೇಕು. ಮಳೆಗಾಲದ ಆ ರಾತ್ರಿಗೆ ಬೇಕಾದ ಕೈ 40 ಕಿ.ಮೀ. ಒಳಗೇ ಇರಬೇಕು.

ಕಟ್ಟುಹಾವು ಕಡಿದವರು ಚೇತರಿಸಿಕೊಳ್ಳುವಾಗ ಎದ್ದು ಕಾಣುವ ಬದಲಾವಣೆ ಏನೂ ಆಗುವುದಿಲ್ಲ. ಒಂದು ಬೆಳಿಗ್ಗೆ ಮುಲಾಮು ಒರೆಸುವಾಗ ರೆಪ್ಪೆ ತುಸು ಅಲುಗುತ್ತದೆ. ಮರುದಿನ ಇನ್ನಷ್ಟು. ಆಮೇಲೆ ಒಂದು ದಿನ ಅವನು ಕಣ್ಣು ಬಿಟ್ಟು, ಇಷ್ಟು ದಿನ ‘ಕಾಕಾ’ ಎಂದು ಮಾತಾಡಿಸುತ್ತಿದ್ದ ದನಿ ಯಾರದೆಂದು ಹುಡುಕುತ್ತಾನೆ. ನರ್ಸ್ ಹಾಸಿಗೆಯ ಪಟ್ಟಿಯಲ್ಲಿ ಸಮಯ ಬರೆದು, ವೈದ್ಯರಿಗೆ ತಿಳಿಸಿ, ಎರಡು ಗಂಟೆ ಆಯಿತೆಂದು ಅವನ ಮಗ್ಗುಲು ಬದಲಿಸುತ್ತಾಳೆ.